ಪೋಲೋ ಜಿಟಿಯಾ, ಅಬಾರ್ಥ್ ಪುಂಟೋನಾ? 7 ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಕಾರು ಆರಿಸುವ ಸಮಗ್ರ ಮಾರ್ಗದರ್ಶಿ

ಕೈಯಲ್ಲಿ 7 ಲಕ್ಷ ಇದೆ. ಓಡಿಸುವಾಗ ಖುಷಿ ಕೊಡುವ ಕಾರು ಬೇಕು. ಆ ದುಡ್ಡಿಗೆ ಹೊಸ ಕಾರಿನ ಶೋರೂಂನಲ್ಲಿ ಸಿಗುವುದು ಮನೆ-ಆಫೀಸು ಓಡಾಟದ ಸಣ್ಣ ಕಾರು ಮಾತ್ರ. ಹಾಗಾಗಿ ಹಳೇ ಕಾರಿನ ಕಡೆ ತಿರುಗುತ್ತೀರಿ. ಹುಡುಕುತ್ತಾ ಹೋದರೆ ಎರಡು ಹೆಸರು ಮತ್ತೆ ಮತ್ತೆ ಎದುರಾಗುತ್ತವೆ. ಒಂದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ಇನ್ನೊಂದು ಫಿಯಟ್‌ನ ಅಬಾರ್ಥ್ ಪುಂಟೋ.

ಎರಡೂ ಪೆಟ್ರೋಲ್ ಟರ್ಬೋ ಎಂಜಿನ್‌ನ ಹ್ಯಾಚ್‌ಬ್ಯಾಕ್‌ಗಳು. ಎರಡೂ ಪುಣೆ ಸುತ್ತಮುತ್ತ ತಯಾರಾದವು, ಪೋಲೋ ಚಾಕಣದಲ್ಲಿ, ಪುಂಟೋ ರಂಜನಗಾಂವ್‌ನಲ್ಲಿ. ಎರಡೂ ಈಗ ಹೊಸದಾಗಿ ಸಿಗುವುದಿಲ್ಲ. ಆದರೆ ಸ್ವಭಾವ ಪೂರ್ತಿ ಬೇರೆ, ಕೈಕೊಡುವ ರೀತಿಯೂ ಬೇರೆ. ಈ ಎರಡನ್ನೂ ನಾನು ತುಂಬಾ ಇಷ್ಟಪಡುತ್ತೇನೆ. ಅದಕ್ಕೇ ಇವನ್ನು ಕೊಳ್ಳುವವರು ಆತುರದಲ್ಲಿ ಕೆಟ್ಟ ಗಾಡಿ ತಂದು, ಆಮೇಲೆ ಕಾರನ್ನೇ ಬೈಯುವುದು ನೋಡಿದರೆ ಬೇಜಾರಾಗುತ್ತದೆ. ನನ್ನ ಮಾತು ಇಷ್ಟೇ: ಹಾರ್ಸ್‌ಪವರ್ ನೋಡಿ ಆರಿಸಬೇಡಿ. ನಿಮ್ಮ ದಿನದ ರಸ್ತೆ ಯಾವುದು, ಕಾರನ್ನು ರಿಪೇರಿ ಮಾಡುವವರು ಯಾರು, ಈ ಎರಡನ್ನು ನೋಡಿ ಆರಿಸಿ.

ಹೆಜ್ಜೆ 1: ಕಾರು ನೋಡುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಮನೆಯಲ್ಲಿ ಇದೊಂದೇ ಕಾರಾ, ಇಲ್ಲಾ ಇನ್ನೊಂದು ಇದೆಯಾ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಒಂದೇ ಕಾರು ಅಂದಮೇಲೆ ಅದು ಗ್ಯಾರೇಜಿನಲ್ಲಿ ಎರಡು ವಾರ ನಿಂತರೆ ನಿಮ್ಮ ಬದುಕೂ ನಿಲ್ಲುತ್ತದೆ. ಅಬಾರ್ಥ್‌ಗೆ ಕೆಲವು ಪಾರ್ಟ್ಸ್ ಬರಲು ಅಷ್ಟು ಸಮಯ ಹಿಡಿಯಬಹುದು.

ಮನೆಯಲ್ಲಿ ಇನ್ಯಾರು ಓಡಿಸುತ್ತಾರೆ? ಅಮ್ಮನೋ ಹೆಂಡತಿಯೋ ಆಟೋಮ್ಯಾಟಿಕ್ ಬೇಕು ಅನ್ನುವವರಾದರೆ ಅಬಾರ್ಥ್ ಅಲ್ಲಿಗೇ ಹೊರಗೆ. ಅದು 5 ಗೇರಿನ ಮ್ಯಾನುಯಲ್‌ನಲ್ಲಿ ಮಾತ್ರ ಬಂದಿದ್ದು. 1.2 ಲೀಟರ್ ಎಂಜಿನ್‌ನ ಪೋಲೋ ಜಿಟಿ ಟಿಎಸ್‌ಐ ಬಂದಿದ್ದು 7 ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್‌ನಲ್ಲಿ ಮಾತ್ರ. ಡಿಎಸ್‌ಜಿ ಅಂದರೆ ಎರಡು ಕ್ಲಚ್ ಇರುವ, ತಾನೇ ಗೇರು ಬದಲಿಸುವ ಗೇರ್‌ಬಾಕ್ಸ್.

ದಿನಾ ಎಲ್ಲಿ ಓಡಿಸುತ್ತೀರಿ? ಸಿಲ್ಕ್ ಬೋರ್ಡ್, ಹೆಬ್ಬಾಳ, ಮಾರತ್ತಹಳ್ಳಿ ಕಡೆಯ ತೆವಳುವ ಟ್ರಾಫಿಕ್ಕು ಡಿಎಸ್‌ಜಿಯ ಕ್ಲಚ್ಚಿಗೆ ದೊಡ್ಡ ಶತ್ರು. ಅದೇ ಟ್ರಾಫಿಕ್ಕಿನಲ್ಲಿ ಅಬಾರ್ಥ್‌ನ ಕ್ಲಚ್ ಪೆಡಲ್ ನಿಮ್ಮ ಎಡಗಾಲಿಗೆ ಶತ್ರು. ಶಿವಮೊಗ್ಗದಲ್ಲೋ ಚಿಕ್ಕಮಗಳೂರಿನಲ್ಲೋ ಇದ್ದು, ವಾರಕ್ಕೊಮ್ಮೆ ಘಾಟಿ ಹತ್ತಿಳಿಯುವವರಾದರೆ ಲೆಕ್ಕವೇ ಬೇರೆ.

ಕೊನೆಯದು ಮೆಕ್ಯಾನಿಕ್. ಇಲ್ಲಿ ಒಂದು ವಿಷಯ ಗಮನಿಸಿ. "ಫಿಯಟ್ ಎಲ್ಲಾ ಗೊತ್ತು ಸಾರ್" ಅನ್ನುವ ಮೆಕ್ಯಾನಿಕ್‌ಗಳು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು 1.3 ಮಲ್ಟಿಜೆಟ್ ಡೀಸೆಲ್. ಸ್ವಿಫ್ಟ್‌ನಲ್ಲೂ ಅದೇ ಎಂಜಿನ್ ಇತ್ತಲ್ವಾ, ಹಾಗಾಗಿ ಕೈ ಪಳಗಿದೆ. ಅಬಾರ್ಥ್‌ನದು 1.4 ಟಿ-ಜೆಟ್ ಪೆಟ್ರೋಲ್ ಟರ್ಬೋ, ಅದು ಪೂರ್ತಿ ಬೇರೆ ಎಂಜಿನ್. "ಲಿನಿಯಾ ಟಿ-ಜೆಟ್ ಕೆಲಸ ಮಾಡಿದ್ದೀರಾ?" ಅಂತ ಕೇಳಿ. ಲಿನಿಯಾ ಫಿಯಟ್‌ನದೇ ಇನ್ನೊಂದು ಕಾರು. ಹೌದು ಅಂದರೆ ಅವರ ನಂಬರ್ ಜೋಪಾನವಾಗಿ ಇಟ್ಟುಕೊಳ್ಳಿ. ಪೋಲೋಗೂ ಇದೇ ಥರ ಒಂದು ಪ್ರಶ್ನೆ ಇದೆ: "ನಿಮ್ಮ ಹತ್ತಿರ ವಿಸಿಡಿಎಸ್ ಸ್ಕ್ಯಾನರ್ ಇದೆಯಾ, ಡಿಎಸ್‌ಜಿ ಕ್ಲಚ್ ಬದಲಾಯಿಸಿದ್ದೀರಾ?" ವಿಸಿಡಿಎಸ್ ಅಂದರೆ ಫೋಕ್ಸ್‌ವ್ಯಾಗನ್ ಕಾರಿನ ಕಂಪ್ಯೂಟರ್ ಓದುವ ಸಾಧನ.

ಹೆಜ್ಜೆ 2: 7 ಲಕ್ಷವನ್ನು ಕಾರಿಗೇ ಸುರಿಯಬೇಡಿ

ಬಜೆಟ್ 7 ಲಕ್ಷ ಅಂದರೆ ನೋಡುವ ಕಾರಿನ ಬೆಲೆ ಐದೂವರೆ ಲಕ್ಷದ ಒಳಗಿರಲಿ. ಸುಮಾರು 50 ಸಾವಿರ ಇನ್ಶೂರೆನ್ಸ್, ಹೆಸರು ಬದಲಾವಣೆ, ಪರೀಕ್ಷೆ ಮಾಡಿಸುವ ಖರ್ಚಿಗೆ. ಉಳಿದ ಒಂದು ಲಕ್ಷವನ್ನು ಮುಟ್ಟದೆ ಇಡಿ. ಟೈರು, ಬ್ರೇಕು, ಬ್ಯಾಟರಿ, ಬೆಲ್ಟು, ಎಲ್ಲಾ ಆಯಿಲ್‌ಗಳು ಮೊದಲ ತಿಂಗಳಲ್ಲೇ ಕೈ ಚಾಚುತ್ತವೆ. ಡಿಎಸ್‌ಜಿಯ ಕ್ಲಚ್ ನಡೆಸುವ ಮೆಕಾಟ್ರಾನಿಕ್ ಯೂನಿಟ್ ಹೋದರೆ ಬಿಲ್ಲು ಒಂದು ಲಕ್ಷ ದಾಟುತ್ತದೆ.

ಇನ್ಶೂರೆನ್ಸ್ ವಿಷಯದಲ್ಲಿ ಇವೆರಡಕ್ಕೆ ಹೆಚ್ಚು ವ್ಯತ್ಯಾಸ ಇಲ್ಲ. ಎರಡೂ 1000ದಿಂದ 1500 ಸಿಸಿ ಒಳಗೇ ಬರುತ್ತವೆ. 2022ರಲ್ಲಿ ಬಂದ ದರದಂತೆ ಆ ಗುಂಪಿನ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 3,416 ರೂಪಾಯಿ. ಹಳೇ ಓನರ್ ಕೂಡಿಟ್ಟ ನೋ ಕ್ಲೇಮ್ ಬೋನಸ್ ಅವರದೇ, ಕಾರಿನ ಜೊತೆ ನಿಮಗೆ ಬರುವುದಿಲ್ಲ. "50 ಪರ್ಸೆಂಟ್ ಬೋನಸ್ ಇದೆ ಸಾರ್" ಅಂತ ಬ್ರೋಕರ್ ಹೇಳಿದರೆ ಅದಕ್ಕೆ ಬೆಲೆ ಕಟ್ಟಬೇಡಿ.

ಮೈಲೇಜ್? ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಅಂಕಿಯಲ್ಲಿ ಲೀಟರಿಗೆ ಪೋಲೋ 17.2, ಅಬಾರ್ಥ್ 16.3 ಕಿಲೋಮೀಟರ್. ಬೆಂಗಳೂರಿನ ಒಳಗೆ ಎರಡೂ ಹತ್ತರ ಆಸುಪಾಸು, ಅಬಾರ್ಥ್ ಇನ್ನೂ ಕೆಳಗೆ. ಮೈಲೇಜ್ ನೋಡಿ ಇವೆರಡರ ನಡುವೆ ತೀರ್ಮಾನ ಮಾಡುವ ಅಗತ್ಯ ಇಲ್ಲ.

ಹೆಜ್ಜೆ 3: ಎರಡು ಕಾರಿನ ಸ್ವಭಾವ ತಿಳಿದುಕೊಳ್ಳಿ

ಪೋಲೋ ಜಿಟಿ ಟಿಎಸ್‌ಐ ಬಂದಿದ್ದು 2013ರಲ್ಲಿ. 1197 ಸಿಸಿ, 4 ಸಿಲಿಂಡರ್, 105 ಹಾರ್ಸ್‌ಪವರ್, 175 ನ್ಯೂಟನ್ ಮೀಟರ್ ಟಾರ್ಕ್. ಆ ಟಾರ್ಕ್ 1500 ಆರ್‌ಪಿಎಂನಿಂದಲೇ ಸಿಗುತ್ತದೆ. ಅಂದರೆ ಊರೊಳಗೆ ಆಕ್ಸಿಲರೇಟರ್ ಮೇಲೆ ಸ್ವಲ್ಪ ಕಾಲಿಟ್ಟರೂ ಗಾಡಿ ಎಳೆಯುತ್ತದೆ. ಕಂಪನಿ ಲೆಕ್ಕದಲ್ಲಿ 0-100ಕ್ಕೆ 9.7 ಸೆಕೆಂಡ್. ಕಾರು ಹಿಡಿತ ತಪ್ಪಿ ಜಾರದಂತೆ ನೋಡುವ ಇಎಸ್‌ಪಿ, ಏರಿನಲ್ಲಿ ಹಿಂದಕ್ಕೆ ಹೋಗದಂತೆ ಹಿಡಿಯುವ ಹಿಲ್ ಹೋಲ್ಡ್ ಇವೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದವರಿಗೆ ಇಎಸ್‌ಪಿಯ ಬೆಲೆ ಗೊತ್ತು. 2014ರ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗ್ ಇರುವ ಪೋಲೋಗೆ ದೊಡ್ಡವರ ಸುರಕ್ಷತೆಗೆ 4 ಸ್ಟಾರ್ ಸಿಕ್ಕಿತ್ತು.

ಇದರ ದೊಡ್ಡ ತಲೆನೋವು ಗೇರ್‌ಬಾಕ್ಸ್‌ನಲ್ಲಿದೆ. ಡಿಕ್ಯೂ200 ಅನ್ನುವ ಈ ಡಿಎಸ್‌ಜಿಯಲ್ಲಿ ಎರಡು ಕ್ಲಚ್ ಇವೆ. 1, 3, 5, 7ನೇ ಗೇರಿಗೆ ಒಂದು, 2, 4, 6 ಮತ್ತು ರಿವರ್ಸಿಗೆ ಇನ್ನೊಂದು. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನ ಗೇರು ರೆಡಿಯಾಗಿ ಕೂತಿರುತ್ತದೆ. ಅದಕ್ಕೇ ಗೇರು ಬದಲಾದದ್ದೇ ಗೊತ್ತಾಗುವುದಿಲ್ಲ. ಆದರೆ ಇವು ಡ್ರೈ ಕ್ಲಚ್. ತಂಪು ಮಾಡಲು ಸುತ್ತ ಆಯಿಲ್ ಇಲ್ಲ. ಟ್ರಾಫಿಕ್ಕಿನಲ್ಲಿ ಅರ್ಧ ಹಿಡಿದು ಅರ್ಧ ಬಿಟ್ಟು ತೆವಳುವಾಗ ಬಿಸಿಯಾಗಿ ಸವೆಯುತ್ತವೆ. ಈ ಕ್ಲಚ್‌ಗಳನ್ನು ಹಿಡಿದು ಬಿಡುವ ಕೆಲಸ ಮಾಡುವುದು ಮೆಕಾಟ್ರಾನಿಕ್. ಅದರೊಳಗೆ ಆಯಿಲ್ ಒತ್ತಡದ ಭಾಗವೂ ಇದೆ, ಕಂಪ್ಯೂಟರೂ ಇದೆ. ಅದು ಕೆಟ್ಟರೆ ಕಾರು ರಸ್ತೆ ಮಧ್ಯೆ ಗೇರು ಬಿಟ್ಟುಬಿಡಬಹುದು. 2013ರಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಈ ಗೇರ್‌ಬಾಕ್ಸ್‌ನ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆದು ಗೇರ್ ಆಯಿಲ್ ಬದಲಿಸಿತ್ತು. ಆರಂಭದ ವರ್ಷಗಳ ಕಾರು ನೋಡುತ್ತಿದ್ದರೆ ಗೇರ್‌ಬಾಕ್ಸ್‌ಗೆ ಏನೇನು ಕೆಲಸ ಆಗಿದೆ ಅನ್ನುವ ಬಿಲ್ಲು ಕೇಳಿ.

ಇದರರ್ಥ ಡಿಎಸ್‌ಜಿ ಕಾರು ಬೇಡ ಅಂತಲ್ಲ. ಹೆದ್ದಾರಿಯಲ್ಲೇ ಓಡಿದ ಕಾರು ಅಥವಾ ಇತ್ತೀಚೆಗೆ ಬಿಲ್ಲು ಸಮೇತ ಕ್ಲಚ್ ಬದಲಾದ ಕಾರು ಸಿಕ್ಕರೆ ಧೈರ್ಯವಾಗಿ ತಗೊಳ್ಳಬಹುದು. ಕಡಿಮೆ ಕಿಲೋಮೀಟರ್ ಓಡಿದ ಪೂರ್ತಿ ಸಿಟಿ ಕಾರಿಗಿಂತ ಜಾಸ್ತಿ ಓಡಿದ ಹೆದ್ದಾರಿ ಕಾರು ಇಲ್ಲಿ ಎಷ್ಟೋ ವಾಸಿ.

ಅಬಾರ್ಥ್ ಪುಂಟೋ 2015ರ ಅಕ್ಟೋಬರ್‌ನಲ್ಲಿ ಬಂತು. ಆಗಿನ ಎಕ್ಸ್ ಶೋರೂಂ ಬೆಲೆ 9.95 ಲಕ್ಷ. 1368 ಸಿಸಿ, 145 ಹಾರ್ಸ್‌ಪವರ್, 212 ನ್ಯೂಟನ್ ಮೀಟರ್. 0-100ಕ್ಕೆ ಕಂಪನಿ ಹೇಳಿದ್ದು 8.8 ಸೆಕೆಂಡ್. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಸ್ಟೀರಿಂಗ್ ಹೈಡ್ರಾಲಿಕ್, ಮುಂದಿನ ಚಕ್ರದ ಕೆಳಗೆ ಏನಿದೆ ಅನ್ನುವುದು ಕೈಗೆ ತಿಳಿಯುತ್ತದೆ. ಆ ಅನುಭವಕ್ಕೆ ಮನಸೋತವರು ಬೇರೆ ಕಾರು ಒಪ್ಪುವುದಿಲ್ಲ, ನನಗೂ ಅದು ಅರ್ಥವಾಗುತ್ತದೆ. ಎರಡು ಸಾವಿರ ಆರ್‌ಪಿಎಂ ಕೆಳಗೆ ಸುಮ್ನೆ ಇರುತ್ತದೆ, ಅದು ದಾಟಿದ ಮೇಲೆ ಬೆನ್ನು ಸೀಟಿಗೆ ಒತ್ತುತ್ತದೆ.

ಕೊರತೆಗಳೂ ಇವೆ. ಇಎಸ್‌ಪಿ ಇಲ್ಲ. ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್, ನಮ್ಮ ಹಂಪುಗಳಿಗೆ ಅದು ಕಡಿಮೆ. ಎಡಗಾಲು ಇಡಲು ಸರಿಯಾದ ಜಾಗ ಇಲ್ಲ. ದೊಡ್ಡ ಸಮಸ್ಯೆ ಪಾರ್ಟ್ಸ್. ಬಿಎಸ್6 ಅನ್ನುವ ಹೊಗೆ ನಿಯಮ ಬರುವ ಹೊತ್ತಿಗೆ ಫಿಯಟ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಎಂಜಿನ್‌ನ ಎಷ್ಟೋ ಭಾಗಗಳು ಲಿನಿಯಾ ಟಿ-ಜೆಟ್‌ಗೆ ಹೊಂದುತ್ತವೆ, ಬಾಗಿಲು-ಗಾಜಿನಂಥ ಭಾಗಗಳು ಸಾಮಾನ್ಯ ಪುಂಟೋ ಇವೋಗೆ ಹೊಂದುತ್ತವೆ. ಹಾಗಾಗಿ ಕಾರು ಅನಾಥ ಅಲ್ಲ. ಆದರೆ ಅಬಾರ್ಥ್‌ಗೆ ಮಾತ್ರ ಇರುವ ಭಾಗಗಳು, ಉದಾಹರಣೆಗೆ ಅಲಾಯ್ ಚಕ್ರ, ಸ್ಪ್ರಿಂಗ್, ಹುಡುಕಿ ತರಿಸಬೇಕಾಗುತ್ತದೆ. ಇವು ಒಡೆದಿರುವ ಕಾರನ್ನು "ಆಮೇಲೆ ಹಾಕಿಸಿಕೊಂಡರಾಯ್ತು" ಅಂತ ಕೊಳ್ಳಬೇಡಿ.

ಹೆಜ್ಜೆ 4: ಅಸಲಿಯಾ, ಸ್ಟಿಕ್ಕರ್ ಕಾರಾ?

ಇವೆರಡರಲ್ಲೂ ಬ್ಯಾಡ್ಜ್ ಅಂಟಿಸಿದ ಕಾರುಗಳು ಮಾರಾಟಕ್ಕೆ ಬರುತ್ತವೆ. ಪೋಲೋದಲ್ಲಿ ಪತ್ತೆ ಸುಲಭ. ಜಿಟಿ ಟಿಎಸ್‌ಐ ಅಂತ ಬರೆದಿದೆ, 2020ಕ್ಕಿಂತ ಹಳೆಯದು, ಮ್ಯಾನುಯಲ್ ಗೇರು. ಹೀಗಿದ್ದರೆ ಅದು ಅಸಲಿ ಅಲ್ಲ. ಸಾಮಾನ್ಯ ಪೋಲೋದ ಟರ್ಬೋ ಇಲ್ಲದ 1.2 ಎಂಪಿಐ ಎಂಜಿನ್ 3 ಸಿಲಿಂಡರ್‌ನದು, 1198 ಸಿಸಿ. ಟಿಎಸ್‌ಐಯದು 1197. ಒಂದೇ ಸಿಸಿ ವ್ಯತ್ಯಾಸ ಇರುವುದರಿಂದ ಆರ್‌ಸಿಯಲ್ಲಿ ಸಿಸಿ ನೋಡಿ ಸುಮ್ಮನಾಗಬೇಡಿ, ಮಾಡೆಲ್ ಹೆಸರನ್ನೂ ಓದಿ.

ಅಬಾರ್ಥ್‌ನಲ್ಲಿ ಸಿಸಿ ನೋಡಿ ಪ್ರಯೋಜನವೇ ಇಲ್ಲ. ಸಾಮಾನ್ಯ ಪುಂಟೋ ಇವೋದ 1.4 ಪೆಟ್ರೋಲ್ ಕೂಡ 1368 ಸಿಸಿಯದೇ. ಹಿಂದಿನ ಚಕ್ರಕ್ಕೆ ಡಿಸ್ಕ್ ಇದೆಯಾ, ಡ್ರಮ್ ಇದೆಯಾ ನೋಡಿ. ಡ್ರಮ್ ಇದ್ದರೆ ಅಲ್ಲಿಂದ ಹೊರಡಿ. ಬಾನೆಟ್ ತೆಗೆದರೆ ಟರ್ಬೋದ ಪೈಪುಗಳು ಕಾಣಬೇಕು. ಮೊದಲ ಖರೀದಿಯ ಇನ್‌ವಾಯ್ಸ್ ಇದ್ದರಂತೂ ಚರ್ಚೆಯೇ ಬೇಡ.

ಹೆಜ್ಜೆ 5: ಮನೆಯಲ್ಲೇ ಕೂತು ಪೇಪರ್ ನೋಡಿ

ಕಾರು ನೋಡಲು ಹೋಗುವ ಮೊದಲೇ ನಂಬರ್ ಪ್ಲೇಟಿನ ನಂಬರ್ ತಗೊಳ್ಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿ ದಿನಾಂಕ, ಇನ್ಶೂರೆನ್ಸ್, ಎಮಿಷನ್ ಟೆಸ್ಟ್ ಎಲ್ಲಿವರೆಗೆ ಇದೆ ಅನ್ನುವುದು ತಿಳಿಯುತ್ತದೆ. ಎಷ್ಟನೇ ಓನರ್, ಬ್ಯಾಂಕ್ ಸಾಲ ಇನ್ನೂ ಇದೆಯಾ ಅನ್ನುವುದನ್ನು ಆರ್‌ಸಿಯಲ್ಲೇ ನೋಡಿ. ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತ ಕರ್ನಾಟಕ ಒನ್ ತಾಣದಲ್ಲಿ ನೋಡಬಹುದು.

ನೋಂದಣಿ ದಿನಾಂಕಕ್ಕೆ ಇಲ್ಲಿ ವಿಶೇಷ ಮಹತ್ವ ಇದೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. 2013ರ ಪೋಲೋ 2028ಕ್ಕೆ ಮರುನೋಂದಣಿಗೆ ಬರುತ್ತದೆ. ಆಗ ಫಿಟ್‌ನೆಸ್ ಪರೀಕ್ಷೆ ಇದೆ, ನವೀಕರಣ ಶುಲ್ಕವೂ 2022ರಿಂದ ಕಾರುಗಳಿಗೆ 5,000 ರೂಪಾಯಿಗೆ ಏರಿದೆ. ಹಳೇ ಕಾರಿಗೆ ಸಾಲ ಸಿಗುವುದೂ ಕಷ್ಟ, ಬಡ್ಡಿಯೂ ಜಾಸ್ತಿ. ಅಬಾರ್ಥ್‌ಗಳು 2015ರ ನಂತರದವು, ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ನಿರಾಳ.

ಬೇರೆ ರಾಜ್ಯದ ಕಾರು? ಅಬಾರ್ಥ್ ಕಡಿಮೆ ಇರುವುದರಿಂದ ಪುಣೆ, ಕೊಚ್ಚಿ, ಕೊಯಮತ್ತೂರು ಕಡೆಯ ಕಾರುಗಳ ಮೇಲೆ ಕಣ್ಣು ಹೋಗುತ್ತದೆ. ಬೆಲೆ ಕಡಿಮೆ ಕಾಣಿಸಿದ ಕೂಡಲೇ ಹೊರಡಬೇಡಿ. ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ತರಬೇಕು, ಇಲ್ಲಿ ಕೆಎ ನಂಬರ್ ಮಾಡಿಸಬೇಕು, ಕಾರಿನ ಹೊಸ ಬೆಲೆ ಮತ್ತು ವಯಸ್ಸಿಗೆ ತಕ್ಕಂತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ದೇಶದಲ್ಲೇ ಹೆಚ್ಚು ರಸ್ತೆ ತೆರಿಗೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಆ ಮೊತ್ತವನ್ನು ಮೊದಲು ಆರ್‌ಟಿಒದಲ್ಲಿ ಕೇಳಿ ತಿಳಿದುಕೊಂಡು, ಕಾರಿನ ಬೆಲೆಗೆ ಕೂಡಿಸಿ, ಆಮೇಲೆ ಇಲ್ಲಿನ ಕಾರಿಗೆ ಹೋಲಿಸಿ.

ಕೊನೆಯದಾಗಿ ಸರ್ವಿಸ್ ಹಿಸ್ಟರಿ. ಅಧಿಕೃತ ಸರ್ವಿಸ್ ಸೆಂಟರಿನ ಬಿಲ್ಲುಗಳಲ್ಲಿ ಕಿಲೋಮೀಟರ್ ಬರೆದಿರುತ್ತದೆ. ಓಡೋಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಬಿಲ್ಲೇ ಇಲ್ಲದ ಟರ್ಬೋ ಕಾರನ್ನು ನಾನು ಯಾರಿಗೂ ಹೇಳುವುದಿಲ್ಲ. ಟರ್ಬೋದ ಆಯುಸ್ಸು ನಿಂತಿರುವುದು ಸಮಯಕ್ಕೆ ಸರಿಯಾಗಿ ಬದಲಾದ ಆಯಿಲ್ ಮೇಲೆ.

ಹೆಜ್ಜೆ 6: ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರಲಿ

ಓನರ್‌ಗೆ ಮೊದಲೇ ಹೇಳಿ, "ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಯಾಕೆ ಅಂತ ಕೇಳಿ.

ತಣ್ಣಗಿನ ಎಂಜಿನ್ ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡ್ ಕಿವಿಗೊಟ್ಟು ಕೇಳಿ. ಆರಂಭದ ವರ್ಷಗಳ ಪೋಲೋ ಟಿಎಸ್‌ಐನಲ್ಲಿ ಗಲಗಲ ಅನ್ನುವ ಲೋಹದ ಸದ್ದು ಬಂದರೆ ಟೈಮಿಂಗ್ ಚೈನ್ ಸಡಿಲವಾಗಿರುವ ಸೂಚನೆ. ಅಬಾರ್ಥ್‌ನಲ್ಲಿ ಚೈನ್ ಇಲ್ಲ, ಟೈಮಿಂಗ್ ಬೆಲ್ಟ್. ಬೆಲ್ಟು ಹೋಗುವ ಮೊದಲು ಸದ್ದು ಮಾಡಿ ಹೇಳುವುದಿಲ್ಲ. ರಬ್ಬರ್ ಆದ್ದರಿಂದ ಓಡದೆ ನಿಂತಿದ್ದರೂ ವಯಸ್ಸಾಗುತ್ತದೆ. ತುಂಡಾದರೆ ವಾಲ್ವುಗಳು ಬಾಗಿ ಎಂಜಿನ್ ಕೆಲಸವೇ ಬರುತ್ತದೆ. ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕೆಲವು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಮೇಲೆ ಆಕ್ಸಿಲರೇಟರ್ ಒತ್ತಿ ಸೈಲೆನ್ಸರ್ ಕಡೆ ನೋಡಿ. ನೀಲಿ ಹೊಗೆ ಬಂದರೆ ಟರ್ಬೋದ ಸೀಲೋ ವಾಲ್ವ್ ಸೀಲೋ ಆಯಿಲ್ ಬಿಡುತ್ತಿದೆ. ಇಂಟರ್‌ಕೂಲರ್ ಪೈಪುಗಳ ಜಾಯಿಂಟಿನಲ್ಲಿ ಆಯಿಲ್ ಒಸರಿದೆಯಾ ನೋಡಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಆರಬೇಕು. ಹೊತ್ತದೇ ಇದ್ದರೆ ಯಾರೋ ಆ ದೀಪವನ್ನೇ ಕಿತ್ತಿದ್ದಾರೆ, ಅಂದರೆ ಆಕ್ಸಿಡೆಂಟ್ ಕಾರು ಅಂತ ಅನುಮಾನಿಸಿ.

ನೀರು ತುಂಬಿದ ಕಾರುಗಳ ಬಗ್ಗೆ ಎಚ್ಚರ. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ, 2022ರಲ್ಲಿ ನಮ್ಮದೇ ಬೆಳ್ಳಂದೂರು-ಸರ್ಜಾಪುರ ರಸ್ತೆ ಸುತ್ತಮುತ್ತ ಎಷ್ಟೋ ಕಾರುಗಳು ಮುಳುಗಿದವು. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ನೋಡಿ, ಕೆಸರಿನ ಗೆರೆ ಇದ್ದರೆ ಅಲ್ಲಿರುತ್ತದೆ. ಕಾರ್ಪೆಟ್ ಎತ್ತಿ ವಾಸನೆ ನೋಡಿ. ಸೀಟಿನ ಕೆಳಗಿನ ಹಳಿ ತುಕ್ಕು ಹಿಡಿದಿದೆಯಾ ನೋಡಿ.

ಟೈರಿನ ಪಕ್ಕದಲ್ಲಿ 4 ಅಂಕಿ ಇರುತ್ತದೆ. 2219 ಅಂದರೆ 2019ರ 22ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಗ್ರಿಪ್ ಚೆನ್ನಾಗಿ ಕಂಡರೂ ಬದಲಾಯಿಸಿ. ಇಂಥ ಕಾರಿನಲ್ಲಿ ಟೈರಿನ ಮೇಲೆ ಉಳಿತಾಯ ಮಾಡುವುದು ಅಪಾಯ.

ಹೆಜ್ಜೆ 7: ಟೆಸ್ಟ್ ಡ್ರೈವ್, ಕನಿಷ್ಠ ಮುಕ್ಕಾಲು ಗಂಟೆ

ಬ್ಲಾಕ್ ಸುತ್ತ ಒಂದು ರೌಂಡ್ ಹೊಡೆದು "ಪಿಕಪ್ ಸೂಪರ್" ಅಂತ ವಾಪಸ್ ಬರಬೇಡಿ. ಎರಡೂ ಕಾರು ತಮ್ಮ ಕಾಯಿಲೆ ತೋರಿಸುವುದು ಬಿಸಿಯಾದ ಮೇಲೆ.

ಪೋಲೋಗೆ ಮೊದಲು ಅರ್ಧ ಗಂಟೆ ಟ್ರಾಫಿಕ್ ಬೇಕು. ಬೇಕೆಂದೇ ದಟ್ಟಣೆ ಇರುವ ರಸ್ತೆಗೆ ಹೋಗಿ. ನಿಂತಲ್ಲಿಂದ ತುಂಬಾ ಮೆಲ್ಲಗೆ ಹೊರಡಿ. 1ರಿಂದ 2, 2ರಿಂದ 3ಕ್ಕೆ ಹೋಗುವಾಗ ಕಾರು ನಡುಗಿದರೆ ಕ್ಲಚ್ ಸವೆದಿದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಸಿಕ್ಕರೆ ರಿವರ್ಸಿನಲ್ಲಿ ಮೇಲಕ್ಕೆ ಹತ್ತಿಸಿ. ಎರಡನೇ ಕ್ಲಚ್‌ನ ಸ್ಥಿತಿ ಆಗ ತಿಳಿಯುತ್ತದೆ. ಪಿಯಿಂದ ಡಿಗೆ ಹಾಕಿದಾಗ ಧಡ್ ಅನ್ನಬಾರದು, ತುಂಬಾ ಹೊತ್ತು ಯೋಚನೆಯನ್ನೂ ಮಾಡಬಾರದು. ಮೀಟರಿನಲ್ಲಿ ಗೇರಿನ ಅಕ್ಷರ ಮಿಣುಕಿದರೆ, ಅಥವಾ ಯಾವುದಾದರೂ ಗೇರು ಬರದೇ ಇದ್ದರೆ ಮೆಕಾಟ್ರಾನಿಕ್ ಕಡೆ ಬೆರಳು ತೋರಿಸುತ್ತಿದೆ ಅಂತ ತಿಳಿಯಿರಿ. ಆಮೇಲೆ ನೈಸ್ ರಸ್ತೆಗೋ ರಿಂಗ್ ರಸ್ತೆಯ ಖಾಲಿ ಭಾಗಕ್ಕೋ ಹೋಗಿ, ಮ್ಯಾನುಯಲ್ ಮೋಡ್‌ನಲ್ಲಿ ಎಲ್ಲಾ 7 ಗೇರುಗಳನ್ನೂ ಏರಿಸಿ ಇಳಿಸಿ.

ಅಬಾರ್ಥ್‌ಗೆ ತೆರೆದ ರಸ್ತೆ ಬೇಕು. 4ನೇ ಗೇರಿನಲ್ಲಿ ಎರಡು ಸಾವಿರ ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಕೊಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಳೆತ ನಡುವೆ ಕಡಿದು ಕಡಿದು ಬಂದರೆ ಇಗ್ನಿಷನ್ ಅಥವಾ ಬೂಸ್ಟ್ ಸಮಸ್ಯೆ. 2 ಮತ್ತು 3ನೇ ಗೇರಿಗೆ ಬೇಗ ಹಾಕಿದಾಗ ಕರಕರ ಸದ್ದು ಬರಬಾರದು. ಕಿಟಕಿ ಇಳಿಸಿ, ಒರಟು ರಸ್ತೆಯಲ್ಲಿ ಮೆಲ್ಲಗೆ ಓಡಿಸಿ. ಕೆಳಗಿನಿಂದ ಟಕ್ ಟಕ್ ಸದ್ದು ಬಂದರೆ ಸಸ್ಪೆನ್ಷನ್ ಬುಷ್ ಅಥವಾ ಲಿಂಕ್ ಹೋಗಿವೆ, ಇದು ರಿಪೇರಿಯಾಗುವ ಮಾತು. ನಿಮ್ಮ ಮನೆ ಹತ್ತಿರದ ದೊಡ್ಡ ಹಂಪಿನ ಮೇಲೆ 4 ಜನ ಕೂತು ಒಮ್ಮೆ ದಾಟಿ ನೋಡಿ. ಅಡಿ ತಾಗಿದರೆ ದಿನಾ ತಾಗುತ್ತದೆ.

ಎರಡು ಕಾರಿಗೂ ಒಂದೇ ರಸ್ತೆ, ಒಂದೇ ಹೊತ್ತು ಇಟ್ಟುಕೊಂಡರೆ ಹೋಲಿಕೆ ನ್ಯಾಯವಾಗಿರುತ್ತದೆ. ಭಾನುವಾರ ಬೆಳಿಗ್ಗೆ ಅಬಾರ್ಥ್, ಸೋಮವಾರ ಸಂಜೆ ಪೋಲೋ ಓಡಿಸಿದರೆ ಪಾಪ ಪೋಲೋಗೆ ಅನ್ಯಾಯ.

ಹೆಜ್ಜೆ 8: ಸ್ಕ್ಯಾನ್ ಮಾಡಿಸದೆ ಟೋಕನ್ ಅಡ್ವಾನ್ಸ್ ಬೇಡ

ನಿಮ್ಮ ಮೆಕ್ಯಾನಿಕ್ ಹತ್ತಿರ ಕಾರು ಒಯ್ಯಿರಿ. ಓನರ್ ಒಪ್ಪದಿದ್ದರೆ ಆ ಕಾರು ಬಿಟ್ಟುಬಿಡಿ. ಪೋಲೋಗೆ ವಿಸಿಡಿಎಸ್‌ನಲ್ಲಿ ಎಂಜಿನ್ ಜೊತೆಗೆ ಗೇರ್‌ಬಾಕ್ಸ್ ಯೂನಿಟ್ಟನ್ನೂ ತೆರೆಸಿ ನೋಡಿ. ಎರಡೂ ಕ್ಲಚ್‌ಗಳ ಸವೆತದ ಸುಳಿವು ಕೊಡುವ ಅಡಾಪ್ಟೇಷನ್ ಅಂಕಿಗಳು, ಹಳೇ ಎರರ್ ಕೋಡ್‌ಗಳು ಅಲ್ಲಿ ಕಾಣುತ್ತವೆ. ಫಿಯಟ್‌ಗೆ ಇಂಥದ್ದೇ ಕೆಲಸ ಮಾಡುವ ಮಲ್ಟಿಇಸಿಯುಸ್ಕ್ಯಾನ್ ಬಳಸುವವರನ್ನು ಹುಡುಕಿ. ನಿನ್ನೆ ರಾತ್ರಿ ಕೋಡ್ ಅಳಿಸಿ ತಂದಿರಬಹುದು, ಅದಕ್ಕೇ ಟೆಸ್ಟ್ ಡ್ರೈವ್ ಮುಗಿದ ಮೇಲೆ ಸ್ಕ್ಯಾನ್ ಮಾಡಿಸಿ.

ರಿಮ್ಯಾಪ್ ಆಗಿದೆಯಾ, ಅಂದರೆ ಪವರ್ ಏರಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿದ್ದಾರಾ ಅಂತ ನೇರವಾಗಿ ಕೇಳಿ. ಇಂಥ ಕಾರುಗಳಲ್ಲಿ ಅದು ಸಾಮಾನ್ಯ. ಒಳ್ಳೆ ಕಡೆ ಮಾಡಿಸಿ, ಬಿಲ್ಲು ಇಟ್ಟು, ಮೂಲ ಫೈಲ್ ಕೊಡುವ ಓನರ್ ಆದರೆ ಮಾತಾಡಬಹುದು. ಆದರೆ ಡ್ರೈ ಕ್ಲಚ್ ಡಿಎಸ್‌ಜಿ ಇರುವ ಪೋಲೋದಲ್ಲಿ ಟಾರ್ಕ್ ಏರಿಸಿದ ಕಾರನ್ನು ನಾನು ಬೇಡ ಎನ್ನುತ್ತೇನೆ. ಆ ಗೇರ್‌ಬಾಕ್ಸ್ ತಾಳುವ ಟಾರ್ಕ್‌ಗೆ ಮಿತಿ ಇದೆ, ಸವೆದ ಕ್ಲಚ್ ಮೇಲೆ ಅದು ಇನ್ನೂ ಭಾರ. ಅಬಾರ್ಥ್‌ನಲ್ಲಿ ಬದಲಾದ ಸೈಲೆನ್ಸರ್, ಬ್ಲೋ ಆಫ್ ವಾಲ್ವ್ ಇದ್ದರೆ ಮೂಲ ಭಾಗಗಳನ್ನೂ ಕೇಳಿ ಪಡೆಯಿರಿ. ಇನ್ಶೂರೆನ್ಸ್ ಕಂಪನಿಗೆ ತಿಳಿಸದ ಮಾರ್ಪಾಡು ಇದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರುತ್ತದೆ.

ಹೆಜ್ಜೆ 9: ತೀರ್ಮಾನ

ಮನೆಗೆ ಇದೊಂದೇ ಕಾರು, ಬೆಂಗಳೂರಿನ ಟ್ರಾಫಿಕ್ಕು, ಮನೆಯವರೂ ಓಡಿಸುತ್ತಾರೆ ಅಂದರೆ ಪೋಲೋ ತಗೊಳ್ಳಿ. ಗೇರ್‌ಬಾಕ್ಸ್ ಗಟ್ಟಿಯಾಗಿದೆ ಅಂತ ಸ್ಕ್ಯಾನ್ ಹೇಳಿದ ಪೋಲೋ ಆಗಿರಬೇಕು. ಇಎಸ್‌ಪಿ, ಪಾರ್ಟ್ಸ್ ಸಿಗುವ ಸುಲಭ, ಮತ್ತೆ ಮಾರುವ ಸುಲಭ, ಮೂರೂ ಅದರ ಕಡೆಗಿವೆ.

ಮನೆಯಲ್ಲಿ ಇನ್ನೊಂದು ಕಾರಿದೆ, ಟಿ-ಜೆಟ್ ಗೊತ್ತಿರುವ ಮೆಕ್ಯಾನಿಕ್ ಸಿಕ್ಕಿದ್ದಾರೆ, ಗೇರು ಹಾಕುತ್ತಾ ಆಗುಂಬೆಯ 14 ತಿರುವು ಏರುವುದೇ ನಿಮಗೆ ಬೇಕಾದದ್ದು ಅಂದರೆ ಅಬಾರ್ಥ್ ತಗೊಳ್ಳಿ. ಆ ದುಡ್ಡಿಗೆ ಅಂಥ ಸ್ಟೀರಿಂಗ್, ಅಂಥ ಎಂಜಿನ್ ಬೇರೆ ಕಡೆ ಸಿಗುವುದಿಲ್ಲ. ಇದನ್ನು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ.

ಟ್ರಾಫಿಕ್ಕೂ ಜಾಸ್ತಿ, ಡಿಎಸ್‌ಜಿ ಭಯವೂ ಹೋಗುತ್ತಿಲ್ಲ ಅನ್ನುವವರಿಗೆ ಮೂರನೇ ದಾರಿ ಇದೆ. 2020ರಿಂದ 2022ರವರೆಗೆ ಬಂದ ಬಿಎಸ್6 ಪೋಲೋದಲ್ಲಿ 1.0 ಟಿಎಸ್‌ಐ ಎಂಜಿನ್ ಇತ್ತು. 110 ಹಾರ್ಸ್‌ಪವರ್, ಅದೇ 175 ನ್ಯೂಟನ್ ಮೀಟರ್. ಅದರ ಆಟೋಮ್ಯಾಟಿಕ್ ಟಾರ್ಕ್ ಕನ್ವರ್ಟರ್ ಮಾದರಿಯದು, ಡ್ರೈ ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ಸಾಗಿಸುತ್ತದೆ, ತೆವಳುವ ಟ್ರಾಫಿಕ್ಕಿಗೆ ಹೆದರುವುದಿಲ್ಲ. 6 ಗೇರಿನ ಮ್ಯಾನುಯಲ್ ಕೂಡ ಇದೆ. 3 ಸಿಲಿಂಡರ್ ಆದ್ದರಿಂದ ನಯ ಸ್ವಲ್ಪ ಕಡಿಮೆ, ಬೆಲೆ ಹೆಚ್ಚು. ಬಜೆಟ್ ಮೇಲಿನ ತುದಿಯಲ್ಲಿ ಒಳ್ಳೆಯದೊಂದು ಸಿಕ್ಕರೆ ನೋಡಿ.

ಎರಡೂ ಕಾರು ಇಷ್ಟವಾಗಿ ತೀರ್ಮಾನ ಆಗದಿದ್ದರೆ ಚೆನ್ನಾಗಿ ನೋಡಿಕೊಂಡ ಓನರ್ ಇರುವ ಕಾರನ್ನು ಆರಿಸಿ. ಫೈಲಿನಲ್ಲಿ ಬಿಲ್ಲು ಜೋಡಿಸಿಟ್ಟವರು, ನಾಲ್ಕೂ ಟೈರು ಒಂದೇ ಕಂಪನಿಯದು ಹಾಕಿಸಿದವರು, ಕಾರಿನ ಕೊರತೆಯನ್ನು ತಾವೇ ಮೊದಲು ಹೇಳುವವರು. ಅಂಥವರಿಗೆ ಹತ್ತು-ಇಪ್ಪತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟ ಇಲ್ಲ.

ಹೆಜ್ಜೆ 10: ದುಡ್ಡು, ಪೇಪರ್, ಮೊದಲ ತಿಂಗಳು

ಚೌಕಾಸಿಗೆ ನಿಮ್ಮ ಅಸ್ತ್ರ ಮೆಕ್ಯಾನಿಕ್ ಬರೆದುಕೊಟ್ಟ ಪಟ್ಟಿ. "ಸ್ವಲ್ಪ ಕಮ್ಮಿ ಮಾಡಿ" ಅನ್ನುವುದಕ್ಕಿಂತ "ಟೈರು, ಬೆಲ್ಟು, ಮುಂದಿನ ಬ್ರೇಕ್ ಡಿಸ್ಕ್, ಇಷ್ಟು ಖರ್ಚಿದೆ ನೋಡಿ" ಅಂದರೆ ಮಾತು ಮುಂದುವರಿಯುತ್ತದೆ. ದುಡ್ಡು ಬ್ಯಾಂಕ್ ಮೂಲಕವೇ ಕೊಡಿ. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ, ಎರಡೂ ಕೀ, ಅಸಲಿ ಆರ್‌ಸಿ ಕೈಗೆ ಬಂದ ಮೇಲೆ ಕೊನೆಯ ಕಂತು. ಸಾಲ ಇದ್ದ ಕಾರಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕೇ ಬೇಕು. ಹೆಸರು ಬದಲಾವಣೆಗೆ ಕೊಂಡವರಿಗೆ 30 ದಿನ ಸಮಯ ಇದೆ. ಇನ್ಶೂರೆನ್ಸ್ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಹಾಕಿ.

ಕಾರು ಮನೆಗೆ ಬಂದ ಮೊದಲ ವಾರ ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್, ಸ್ಪಾರ್ಕ್ ಪ್ಲಗ್ ಬದಲಾಯಿಸಿ. ಎರಡಕ್ಕೂ ಫುಲ್ ಸಿಂಥೆಟಿಕ್ ಆಯಿಲ್, ಕಂಪನಿ ಹೇಳಿದ ಗ್ರೇಡು. ಅಬಾರ್ಥ್ ಆದರೆ ಟೈಮಿಂಗ್ ಬೆಲ್ಟ್ ಜೊತೆ ಟೆನ್ಷನರ್, ವಾಟರ್ ಪಂಪ್ ಒಟ್ಟಿಗೇ ಮಾಡಿಸಿ. ಈಗ ಬಂಕ್‌ಗಳಲ್ಲಿ ಸಿಗುವುದು ಶೇಕಡ 20 ಎಥನಾಲ್ ಸೇರಿದ ಪೆಟ್ರೋಲ್. ಈ ಕಾರುಗಳು ಅದಕ್ಕಿಂತ ಹಳೆಯವು. ಹಾಗಾಗಿ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಪ್ರತಿ ಸರ್ವಿಸಿನಲ್ಲೂ ನೋಡಿಸಿ, ಕಾರನ್ನು ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಬೇಡಿ.

ಪೋಲೋ ತಂದವರು ಓಡಿಸುವ ಅಭ್ಯಾಸ ಸ್ವಲ್ಪ ಬದಲಿಸಿಕೊಳ್ಳಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಬಳಸಿ. ಸಿಗ್ನಲ್‌ನಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕ್ಲಚ್ ಪೂರ್ತಿ ಬಿಡುತ್ತದೆ. ಟ್ರಾಫಿಕ್ಕಿನಲ್ಲಿ ಮುಂದಿನ ಗಾಡಿಯ ಹಿಂದೆ ಇಂಚಿಂಚು ತೆವಳದೆ, ಸ್ವಲ್ಪ ಜಾಗ ಬಿಟ್ಟು, ಒಮ್ಮೆಗೇ ಮುಂದೆ ಹೋಗಿ. ಹಿಂದಿನವರು ಹಾರ್ನ್ ಹೊಡೆಯಲಿ ಬಿಡಿ.